ಸ್ಟ್ಯಾಟಿಕ್ ಸೈಟಿಗೆ ಯಾವ ಸರ್ವರ್? ಬದಲಿಸುವ ಮೊದಲು ಒಮ್ಮೆ ನೋಡಿ

ಹ್ಯೂಗೊ ಅಥವಾ ಜೆಕಿಲ್‌ನಂಥ, ಬರಹವನ್ನು ಸಿದ್ಧ ಪುಟಗಳಾಗಿ ಮಾಡಿಡುವ ಟೂಲಿನಲ್ಲಿ ಕಟ್ಟಿದ ಬ್ಲಾಗು, ಸಂಘದ ಸೈಟು, ಹಳೆಯ ಪತ್ರಿಕೆಗಳ ಪಿಡಿಎಫ್ ಸಂಗ್ರಹ. ಇವೆಲ್ಲ ಸ್ಟ್ಯಾಟಿಕ್ ಸೈಟು. ಇವುಗಳಲ್ಲಿ ಡೇಟಾಬೇಸ್ ಇಲ್ಲ, ಪಿಎಚ್‌ಪಿ ಇಲ್ಲ. ಡಿಸ್ಕಿನಲ್ಲಿರುವ ಫೈಲನ್ನು ಓದಿ ಕಳಿಸಿದರೆ ಸರ್ವರ್‌ನ ಕೆಲಸ ಮುಗಿಯಿತು. ಆದರೂ ಯಾವ ಸರ್ವರ್ ಹಾಕಲಿ ಅಂತ ಕೇಳಿ ನೋಡಿ, ಐದು ಜನ ಐದು ಹೆಸರು ಹೇಳುತ್ತಾರೆ. ಜೊತೆಗೆ ವೇಗ ಅಳೆದ ಒಂದೊಂದು ಬೆಂಚ್‌ಮಾರ್ಕ್ ಗ್ರಾಫನ್ನೂ ಕಳಿಸುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ, ಮಧ್ಯಮ ಸೈಟುಗಳಲ್ಲಿ ಈ ಸರ್ವರ್‌ಗಳ ವೇಗದ ವ್ಯತ್ಯಾಸ ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ವೇಗ ಬೇಕಾದರೆ ಈಗಿರುವ ಸರ್ವರ್‌ನಲ್ಲೇ ನಾಲ್ಕೈದು ಸಾಲು ತಿದ್ದಿದರೆ ಸಾಕು. ಸರ್ವರ್ ಬದಲಿಸುವುದಾದರೆ ನೋಡಬೇಕಾದ್ದು ಬೇರೆ: ಸುರಕ್ಷಿತ ಸಂಪರ್ಕಕ್ಕೆ (ಎಚ್‌ಟಿಟಿಪಿಎಸ್) ಬೇಕಾದ ಸರ್ಟಿಫಿಕೇಟನ್ನು ಯಾರು ನವೀಕರಿಸುತ್ತಾರೆ, ಮೆಮೊರಿ ಎಷ್ಟಿದೆ, ವರ್ಷ ಬಿಟ್ಟು ಸೆಟ್ಟಿಂಗುಗಳಿರುವ ಕಾನ್ಫಿಗ್ ಫೈಲ್ ತೆರೆದರೆ ನಿಮಗೇ ಅರ್ಥವಾಗುತ್ತದಾ.

ಹೊತ್ತು ಹೋಗುವುದು ಎಲ್ಲಿ

ಸರ್ವರ್ ಅಮೆರಿಕದಲ್ಲಿದೆ, ಓದುಗರು ಹುಬ್ಬಳ್ಳಿಯಲ್ಲಿದ್ದಾರೆ ಅಂದುಕೊಳ್ಳಿ. ಒಂದು ಪ್ಯಾಕೆಟ್ ಹೋಗಿ ಬರಲು 200 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಟಿಸಿಪಿ ಸಂಪರ್ಕಕ್ಕೆ ಒಂದು ಸುತ್ತು, ಗೂಢಲಿಪಿಯ ಟಿಎಲ್‌ಎಸ್ 1.3ಕ್ಕೆ ಇನ್ನೊಂದು, ಪುಟ ಕೇಳಿ ಪಡೆಯಲು ಮತ್ತೊಂದು. ಮೂರು ಸುತ್ತಿಗೆ 600 ಮಿಲಿಸೆಕೆಂಡು ಹೋಯಿತು. ಇದರಲ್ಲಿ ಸರ್ವರ್ ಸಾಫ್ಟ್‌ವೇರ್ ಫೈಲ್ ಹುಡುಕಿ ಕಳಿಸಲು ತೆಗೆದುಕೊಂಡದ್ದು ಒಂದು ಮಿಲಿಸೆಕೆಂಡೂ ಇರುವುದಿಲ್ಲ. ಆಗಾಗ ಕೇಳುವ ಫೈಲುಗಳನ್ನು ಲಿನಕ್ಸ್ ತಾನಾಗಿಯೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಅದೇ ಬಾಡಿಗೆಯ ಮಶೀನನ್ನು ಮುಂಬೈಗೋ ಬೆಂಗಳೂರಿಗೋ ತಂದರೆ ಸಿಗುವ ಲಾಭ ಯಾವ ಸರ್ವರ್ ಹಾಕಿದರೂ ಸಿಗುವುದಿಲ್ಲ. ಓದುಗರು ಶಿವಮೊಗ್ಗದಲ್ಲೂ ಇದ್ದಾರೆ, ನ್ಯೂಜೆರ್ಸಿಯಲ್ಲೂ ಇದ್ದಾರೆ ಅಂದರೆ ಮುಂದೆ ಒಂದು ಸಿಡಿಎನ್ (ಹಲವು ಊರುಗಳಲ್ಲಿ ಪ್ರತಿ ಇಟ್ಟು ಹತ್ತಿರದಿಂದ ಕೊಡುವ ಸೇವೆ) ಇಡಬೇಕು, ಅಷ್ಟೇ.

ಇನ್ನು ಬೆಂಚ್‌ಮಾರ್ಕ್ ಗ್ರಾಫುಗಳು. ಅವು ಹೆಚ್ಚಾಗಿ ಒಂದೇ ಮಶೀನಿನೊಳಗೆ, ಟಿಎಲ್‌ಎಸ್ ಇಲ್ಲದೆ, ಒಂದೇ ಸಣ್ಣ ಫೈಲನ್ನು ಮತ್ತೆ ಮತ್ತೆ ಕೇಳಿ ತೆಗೆದ ಅಂಕಿ. ನಿಮ್ಮ ಸೈಟಿನ ಲೆಕ್ಕ ಹಾಕಿ ನೋಡಿ. ದಿನಕ್ಕೆ 10,000 ಪುಟ ಓದುತ್ತಾರೆ, ಒಂದು ಪುಟಕ್ಕೆ 10 ಫೈಲು. ದಿನಕ್ಕೆ ಒಂದು ಲಕ್ಷ ರಿಕ್ವೆಸ್ಟ್ ಆಯಿತು. 86,400 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಮೇಲೆ. ಸಂಜೆ ಯಾರೋ ವಾಟ್ಸಾಪಿನಲ್ಲಿ ಹಂಚಿ ಐವತ್ತು ಪಟ್ಟು ಏರಿದರೂ ಸೆಕೆಂಡಿಗೆ ಅರುವತ್ತು ದಾಟಲ್ಲ. ಇದಕ್ಕೆ ಅಂಗೈಯಗಲದ ಹಳೆಯ ರಾಸ್‌ಬೆರಿ ಪೈ ಕಂಪ್ಯೂಟರ್ ಕೂಡ ಸಾಕು.

ಕನ್ನಡದ ಸೈಟಿಗೆ ಇನ್ನೊಂದು ಲೆಕ್ಕ ಇದೆ. 2011ರಿಂದ ಈಚೆಗೆ ಲಿನಕ್ಸ್ ಹೊಸ ಸಂಪರ್ಕದಲ್ಲಿ ಮೊದಲ ಸುತ್ತಿಗೆ 10 ಪ್ಯಾಕೆಟ್ ಕಳಿಸುತ್ತದೆ. ಒಂದಕ್ಕೆ 1,460 ಬೈಟಿನಂತೆ ಸುಮಾರು 14 ಕೆಬಿ. ಆಮೇಲಿನದ್ದು ಬರಲು ಇನ್ನೊಂದು ಸುತ್ತು ಕಾಯಬೇಕು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ಕನ್ನಡಕ್ಕೆ ಮೂರು. ಕೊಂಬು, ದೀರ್ಘಕ್ಕೂ ಬೇರೆ ಬೇರೆ ಮೂರು ಬೈಟು, ಒತ್ತಿಗೆ ಆರು. ಹಾಗಾಗಿ ಎರಡು ಸಾವಿರ ಪದದ ಲೇಖನ ಸಲೀಸಾಗಿ 40 ಕೆಬಿ ದಾಟುತ್ತದೆ. ಆದರೆ ಆ ಮೂರರಲ್ಲಿ ಮೊದಲ ಬೈಟು ಯಾವಾಗಲೂ ಒಂದೇ, ಎರಡನೆಯದು ಎರಡು ಬಗೆಯಲ್ಲಿ ಒಂದು. ಒಂದೇ ತರದ್ದು ಮತ್ತೆ ಮತ್ತೆ ಬಂದರೆ ಫೈಲನ್ನು ಕುಗ್ಗಿಸುವ (ಕಂಪ್ರೆಶನ್) ಜಿಜಿಪ್‌ಗೆ ಹಬ್ಬ. ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಸುತ್ತದೆ. ಆಗ ಇಡೀ ಲೇಖನ ಮೊದಲ ಸುತ್ತಿನಲ್ಲೇ ಬಂದು ಬೀಳುತ್ತದೆ. ಕಂಪ್ರೆಶನ್ ಸರಿ ಇದೆಯಾ ಅಂತ ನೋಡುವುದು ಕನ್ನಡ ಸೈಟಿಗೆ ಇಂಗ್ಲಿಷ್ ಸೈಟಿಗಿಂತ ಮುಖ್ಯ.

ಬದಲಿಸುವ ಮೊದಲು ತಿದ್ದಬೇಕಾದ್ದು

ಹೆಚ್ಚಿನವರು ಈಗಾಗಲೇ ಎಂಜಿನ್‌ಎಕ್ಸ್ (nginx) ಎಂಬ ಸರ್ವರ್ ಬಳಸುತ್ತಿರುತ್ತಾರೆ, ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಉಬುಂಟು, ಡೆಬಿಯನ್ ಲಿನಕ್ಸ್‌ನಲ್ಲಿ ಅದನ್ನು ಇನ್‌ಸ್ಟಾಲ್ ಮಾಡಿ ಮುಖ್ಯ ಕಾನ್ಫಿಗ್ ತೆರೆಯಿರಿ. ಜಿಜಿಪ್ ಆನ್ ಅಂತ ಇರುತ್ತದೆ. ಸರಿ ಇದೆ ಅಂದುಕೊಂಡು ಮುಚ್ಚಿಬಿಡಬೇಡಿ. ಅದರ ಕೆಳಗೆ ಜಿಜಿಪ್ ಟೈಪ್ಸ್ ಎಂಬ ಸಾಲು ಇದೆ ನೋಡಿ, ಅದರ ಮುಂದೆ ಹ್ಯಾಶ್ (#) ಗುರುತು. ಅಂದರೆ ಆ ಸಾಲು ನಿದ್ದೆಯಲ್ಲಿದೆ. ಅದು ಇಲ್ಲದಿದ್ದರೆ ಎಂಜಿನ್‌ಎಕ್ಸ್ ಕುಗ್ಗಿಸುವುದು ಎಚ್‌ಟಿಎಂಎಲ್ ಒಂದನ್ನೇ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಎಸ್‌ವಿಜಿ, ಹುಡುಕಾಟಕ್ಕೆ ಇಟ್ಟ ಜೇಸನ್ ಫೈಲು, ಆರ್‌ಎಸ್‌ಎಸ್ ಎಲ್ಲವೂ ಇದ್ದ ಗಾತ್ರದಲ್ಲೇ ಹೋಗುತ್ತಿರುತ್ತವೆ. ಹ್ಯಾಶ್ ಅಳಿಸಿ, ಬೇಕಾದ ಟೈಪುಗಳನ್ನು ಸೇರಿಸಿ, ರೀಲೋಡ್ ಮಾಡಿ. ಎಷ್ಟೋ ಸೈಟುಗಳಿಗೆ ಇದೊಂದೇ ತಿದ್ದುಪಡಿ ಸಾಕು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು. ಪ್ರತಿ ಸಲ ಕೇಳಿದಾಗಲೂ ಕುಗ್ಗಿಸುವ ಬದಲು, ಸೈಟು ಬಿಲ್ಡ್ ಮಾಡುವಾಗಲೇ ಪ್ರತಿ ಫೈಲಿನ ಪಕ್ಕ ಅದರ ಜಿಜಿಪ್ ಪ್ರತಿಯನ್ನೂ ಮಾಡಿಡಿ. ಜಿಜಿಪ್ ಸ್ಟ್ಯಾಟಿಕ್ ಆನ್ ಮಾಡಿದರೆ ಎಂಜಿನ್‌ಎಕ್ಸ್ ಅದನ್ನೇ ಎತ್ತಿ ಕೊಡುತ್ತದೆ. ಆಗ ಅತಿ ಹೆಚ್ಚಿನ ಮಟ್ಟದಲ್ಲಿ ಕುಗ್ಗಿಸಬಹುದು, ಹೇಗೂ ಒಂದೇ ಸಲ ಅಲ್ವಾ. ಇನ್ನೊಂದು ಲಾಭ ಕಡಿಮೆ ಜನಕ್ಕೆ ಗೊತ್ತು. ಕೇಳಿದಾಗ ಆಗಿಂದಾಗಲೇ ಕುಗ್ಗಿಸುವಾಗ ಒಟ್ಟು ಗಾತ್ರ ಮೊದಲೇ ಹೇಳಲು ಬರುವುದಿಲ್ಲ, ಫೈಲ್ ಬದಲಾಗಿದೆಯಾ ಎಂದು ಬ್ರೌಸರ್ ತಿಳಿಯುವ ಗುರುತಾದ ಇಟ್ಯಾಗ್ ಕೂಡ ದುರ್ಬಲ ಬಗೆಯದ್ದಾಗುತ್ತದೆ. ಮೊದಲೇ ಮಾಡಿಟ್ಟ ಫೈಲಿನಲ್ಲಿ ಈ ತೊಡಕು ಇಲ್ಲ. ಒಂದು ಎಚ್ಚರಿಕೆ: ಮೂಲ ಫೈಲ್ ತಿದ್ದಿ ಜಿಜಿಪ್ ಪ್ರತಿ ಮರೆತರೆ ಓದುಗರಿಗೆ ಹಳೆಯದೇ ಹೋಗುತ್ತದೆ. ಸರ್ವರ್‌ನಲ್ಲಿ ನೀವು ಹೊಸ ಫೈಲನ್ನು ನೋಡುತ್ತಿರುತ್ತೀರಿ, ಬ್ರೌಸರ್‌ನಲ್ಲಿ ಹಳೆಯದು, ಕಾರಣ ಹೊಳೆಯದೆ ತಲೆ ಕೆಡುತ್ತದೆ. ಎರಡನ್ನೂ ಒಂದೇ ಸ್ಕ್ರಿಪ್ಟ್ ಮಾಡುವಂತಿರಲಿ.

ಜೆಪೆಗ್, ಪಿಎನ್‌ಜಿ, ವಿಡಿಯೊ, ಪಿಡಿಎಫ್‌ಗಳನ್ನು ಕುಗ್ಗಿಸಲು ಹೋಗಬೇಡಿ. ಅವು ಮೊದಲೇ ಕುಗ್ಗಿದವು, ಸುಮ್ನೆ ಸಿಪಿಯು ದಂಡ. ವೊಫ್2 ಫಾಂಟ್ ಕೂಡ ಹಾಗೆಯೇ, ಅದರೊಳಗೆ ಬ್ರಾಟ್ಲಿ ಕಂಪ್ರೆಶನ್ ಇದೆ. ಆದರೆ ನಿಮ್ಮ ಕನ್ನಡ ಫಾಂಟು ಇನ್ನೂ ಟಿಟಿಎಫ್ ರೂಪದಲ್ಲೇ ಹೋಗುತ್ತಿದ್ದರೆ ಮೊದಲು ಅದನ್ನು ವೊಫ್2ಗೆ ಬದಲಿಸಿ. ಒತ್ತಕ್ಷರಗಳ ಕಾರಣ ಕನ್ನಡ ಫಾಂಟಿನಲ್ಲಿ ಚಿಹ್ನೆಗಳು ಜಾಸ್ತಿ. ಎಷ್ಟೋ ಪುಟಗಳಲ್ಲಿ ಲೇಖನಕ್ಕಿಂತ ಫಾಂಟೇ ಭಾರ.

ಎರಡನೆಯದು ಕ್ಯಾಶ್, ಅಂದರೆ ಒಮ್ಮೆ ಬಂದ ಫೈಲನ್ನು ಬ್ರೌಸರ್ ಇಟ್ಟುಕೊಳ್ಳುವುದು. ಎಂಜಿನ್‌ಎಕ್ಸ್ ತಾನಾಗಿ, ಎಷ್ಟು ಕಾಲ ಇಟ್ಟುಕೊಳ್ಳಬೇಕೆಂದು ಹೇಳುವ ಕ್ಯಾಶ್ ಕಂಟ್ರೋಲ್ ಹೆಡರ್ (ಫೈಲಿನ ಜೊತೆ ಹೋಗುವ ಸೂಚನೆ) ಕಳಿಸುವುದಿಲ್ಲ. ಆಗ ಬ್ರೌಸರ್ ತನಗೆ ತೋಚಿದಂತೆ ಅಂದಾಜು ಮಾಡುತ್ತದೆ. ಸಾಮಾನ್ಯವಾಗಿ ಫೈಲ್ ತಿದ್ದಿ ಎಷ್ಟು ಕಾಲ ಆಯಿತೋ ಅದರ ಹತ್ತನೇ ಒಂದು ಭಾಗ. ನೂರು ದಿನದಿಂದ ಮುಟ್ಟದ ಪುಟವನ್ನು ಹತ್ತು ದಿನ ಕೇಳದೆಯೇ ಹಳೆಯದನ್ನೇ ತೋರಿಸಬಹುದು. ಇದನ್ನು ಅದೃಷ್ಟಕ್ಕೆ ಬಿಡಬೇಡಿ. ಹೆಸರಿನಲ್ಲೇ ಹ್ಯಾಶ್ (ಒಳಗಿನ ಬರಹ ಬದಲಾದರೆ ತಾನೂ ಬದಲಾಗುವ ಸಂಕೇತ) ಇರುವ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಫಾಂಟುಗಳಿಗೆ ಒಂದು ವರ್ಷ, ಅಂದರೆ 31,536,000 ಸೆಕೆಂಡು, ಜೊತೆಗೆ ಇಮ್ಯೂಟಬಲ್, ಅಂದರೆ ಬದಲಾಗದ್ದು. ಎಚ್‌ಟಿಎಂಎಲ್‌ಗೆ ನೋ-ಕ್ಯಾಶ್. ಇಟ್ಟುಕೊ, ಆದರೆ ಪ್ರತಿ ಸಲ ಬದಲಾಗಿದೆಯಾ ಅಂತ ಕೇಳು ಎಂದು ಅದು ಬ್ರೌಸರಿಗೆ ಹೇಳುತ್ತದೆ. ಬದಲಾಗದಿದ್ದರೆ 304 ಎಂಬ ಪುಟ್ಟ ಉತ್ತರ ಬರುತ್ತದೆ, ಮುಗಿಯಿತು.

ಇಲ್ಲೇ ಎಂಜಿನ್‌ಎಕ್ಸ್‌ನ ಹಳೆಯ ಕಾಟ ಒಂದಿದೆ. ಆ್ಯಡ್ ಹೆಡರ್ ಸಾಲುಗಳನ್ನು ಮೇಲಿನ ಸರ್ವರ್ ಬ್ಲಾಕಿನಲ್ಲಿ ಬರೆದು, ಒಳಗಿನ ಲೊಕೇಶನ್ ಬ್ಲಾಕಿನಲ್ಲಿ ಇನ್ನೊಂದು ಆ್ಯಡ್ ಹೆಡರ್ ಬರೆದರೆ ಮೇಲಿನವು ಯಾವುವೂ ಅಲ್ಲಿಗೆ ಇಳಿಯುವುದಿಲ್ಲ. ಫಾಂಟಿಗೆ ಕ್ಯಾಶ್ ಹೆಡರ್ ಸೇರಿಸಿದಿರಿ, ಅದಕ್ಕಿದ್ದ ಭದ್ರತಾ ಹೆಡರುಗಳು ಮಾಯ. ತಪ್ಪು ಸಂದೇಶವೂ ಬರುವುದಿಲ್ಲ.

ಮೂರನೆಯದು ಇಟ್ಯಾಗ್. ಎಂಜಿನ್‌ಎಕ್ಸ್ ಇದನ್ನು ಫೈಲಿನ ಗಾತ್ರ ಮತ್ತು ತಿದ್ದಿದ ಸಮಯದಿಂದ ಮಾಡುತ್ತದೆ, ಒಳಗಿನ ಬರಹ ನೋಡುವುದಿಲ್ಲ. ನೀವು ಸರ್ವರ್‌ನಲ್ಲಿ ಪ್ರತಿ ಸಲ ಹೊಸದಾಗಿ ಗಿಟ್ ಕ್ಲೋನ್ ಮಾಡಿ ಇಡೀ ಸೈಟನ್ನು ಇಳಿಸಿಕೊಳ್ಳುತ್ತಿದ್ದರೆ ಎಲ್ಲ ಫೈಲುಗಳಿಗೂ ಆ ಕ್ಷಣದ ಸಮಯ ಬೀಳುತ್ತದೆ. ಒಂದು ಕಾಮಾ ತಿದ್ದಿದರೂ ಇಡೀ ಸೈಟು ಹೊಸದು ಎಂದು ಬ್ರೌಸರಿಗೆ ಕಾಣುತ್ತದೆ, 304 ಬರಬೇಕಾದ ಕಡೆಯೆಲ್ಲ ಪೂರ್ತಿ ಫೈಲು ಹೋಗುತ್ತದೆ. ಬದಲಾದ ಫೈಲನ್ನಷ್ಟೇ ಸರ್ವರ್‌ಗೆ ಕಳಿಸುವ ಆರ್‌ಸಿಂಕ್ ಬಳಸಿ. ಬಿಲ್ಡ್ ಟೂಲ್ ದಿನಾಂಕ ಬದಲಿಸುತ್ತಿದ್ದರೆ ಆರ್‌ಸಿಂಕ್‌ಗೆ ಚೆಕ್‌ಸಮ್ ಆಯ್ಕೆ ಕೊಡಿ. ಆಗ ಒಳಗಿನ ಬರಹ ಒಂದೇ ಇರುವ ಫೈಲನ್ನು ಅದು ಮತ್ತೆ ಕಳಿಸುವುದಿಲ್ಲ. ಆದರೆ ಸಮಯ ಉಳಿಸುವ ಆಯ್ಕೆಯನ್ನು ಜೊತೆಗೆ ಕೊಡಬೇಡಿ, ಕೊಟ್ಟರೆ ಸಮಯ ಮಾತ್ರ ಹೊಸದಾಗಿ ಬರೆದುಬಿಡುತ್ತದೆ.

ನಾಲ್ಕನೆಯದು ಸಣ್ಣದು, ಕನ್ನಡದವರಿಗೆ ಮಾತ್ರ ತಾಗುವಂಥದ್ದು. ಟೆಕ್ಸ್ಟ್ ಫೈಲಿನಲ್ಲಿ ಕನ್ನಡ ಬರೆದು ಸೈಟಿಗೆ ಹಾಕಿದರೆ ಬ್ರೌಸರ್‌ನಲ್ಲಿ ಯುರೋಪಿನ ಅಕ್ಷರಗಳ ಕಲಸುಮೇಲೋಗರ ಕಾಣಬಹುದು. ಎಚ್‌ಟಿಎಂಎಲ್‌ನಲ್ಲಿ ಮೆಟಾ ಟ್ಯಾಗ್ ಕಾಪಾಡುತ್ತದೆ, ಟೆಕ್ಸ್ಟ್ ಫೈಲಿಗೆ ಕಾಪಾಡುವವರಿಲ್ಲ. ಎಂಜಿನ್‌ಎಕ್ಸ್‌ನಲ್ಲಿ ಚಾರ್‌ಸೆಟ್ ಯುಟಿಎಫ್-8 ಎಂದು ಒಂದು ಸಾಲು ಹಾಕಿ. ಹಾಗೆಯೇ ಕನ್ನಡದಲ್ಲೇ ಫೈಲಿನ ಹೆಸರಿಡುವ ಆಸೆ ಇದ್ದರೆ, ಲಿನಕ್ಸ್‌ನ ಇಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟು. ಕನ್ನಡದಲ್ಲಿ ಅದು 85 ಗುರುತು, ಒತ್ತು ಕೊಂಬು ಎಲ್ಲ ಸೇರಿ. ಲೇಖನದ ಇಡೀ ತಲೆಬರಹವನ್ನೇ ಹೆಸರು ಮಾಡಿದರೆ ಒಂದು ದಿನ ಬಿಲ್ಡ್ ಮುರಿದು ಬೀಳುತ್ತದೆ.

ಸೆಂಡ್‌ಫೈಲ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಫೈಲನ್ನು ಪ್ರೋಗ್ರಾಮಿನ ಮೆಮೊರಿಗೆ ತರದೆ ಲಿನಕ್ಸಿನ ತಿರುಳಾದ ಕರ್ನಲ್ಲೇ ನೇರ ನೆಟ್‌ವರ್ಕಿಗೆ ದಾಟಿಸುವ ಜಾಣ ದಾರಿ ಅದು. ಆದರೆ ಎಚ್‌ಟಿಟಿಪಿಎಸ್‌ನಲ್ಲಿ ಗೂಢಲಿಪಿ ಮಾಡಲು ಡೇಟಾ ಪ್ರೋಗ್ರಾಮಿಗೆ ಬರಲೇಬೇಕು. ಗೂಢಲಿಪಿಯನ್ನೂ ಕರ್ನಲ್ಲೇ ಮಾಡುವ ಕರ್ನಲ್ ಟಿಎಲ್‌ಎಸ್ ಇದ್ದರೆ ಮಾತ್ರ ಪಾರು. ಎಂಜಿನ್‌ಎಕ್ಸ್‌ಗೆ ಅದು 2021ರ 1.21.4ರಲ್ಲಿ ಬಂತು, ಓಪನ್‌ಎಸ್‌ಎಸ್‌ಎಲ್ 3 ಬೇಕು. ದೊಡ್ಡ ವಿಡಿಯೊ ಹಂಚುವವರು ನೋಡಿ, ಉಳಿದವರು ಬಿಟ್ಟುಬಿಡಿ.

ಈಗ ಆಯ್ಕೆಗಳು

ಎಂಜಿನ್‌ಎಕ್ಸ್. ಇಗೊರ್ ಸೈಸೊಯೆವ್ 2002ರಲ್ಲಿ ಶುರು ಮಾಡಿ 2004ರಲ್ಲಿ ಹೊರಬಿಟ್ಟದ್ದು. ಒಂದೇ ಮಶೀನಿನಲ್ಲಿ ಹತ್ತು ಸಾವಿರ ಸಂಪರ್ಕಗಳನ್ನು ಸಂಭಾಳಿಸುವುದು ಆಗಿನ ದೊಡ್ಡ ತಲೆನೋವು. ಸಂಪರ್ಕಕ್ಕೊಂದು ಪ್ರೊಸೆಸ್ ಹುಟ್ಟಿಸದೆ, ಕೆಲವೇ ವರ್ಕರ್‌ಗಳಲ್ಲಿ ಎಲ್ಲವನ್ನೂ ನಡೆಸುವುದು ಇದರ ರೀತಿ. ಸುಮ್ಮನೆ ತೆರೆದಿರುವ 10,000 ಸಂಪರ್ಕಕ್ಕೆ ಸುಮಾರು 2.5 ಎಂಬಿ ಮೆಮೊರಿ ಸಾಕು ಎನ್ನುತ್ತದೆ ಅದರ ಅಧಿಕೃತ ತಾಣ. ಇದರ ನಿಜವಾದ ಬಲ ಏನೆಂದರೆ, ಯಾವ ತೊಂದರೆ ಬಂದರೂ ಯಾರೋ ಒಬ್ಬರು ಮೊದಲೇ ಅನುಭವಿಸಿ ಬರೆದಿಟ್ಟಿರುತ್ತಾರೆ. ದೌರ್ಬಲ್ಯ, ಮೇಲೆ ಹೇಳಿದ ಕಾಟಗಳು. ಬ್ರಾಟ್ಲಿಗೆ ಹೊರಗಿನ ಮಾಡ್ಯೂಲ್ ಬೇಕು. ಸರ್ಟಿಫಿಕೇಟಿಗೆ, ಅದನ್ನು ತಂದು ನವೀಕರಿಸುವ ಸರ್ಟ್‌ಬಾಟ್ ಎಂಬ ಪ್ರೋಗ್ರಾಮ್ ಜೋಡಿಸಬೇಕು. 2025ರಲ್ಲಿ ಇದಕ್ಕಾಗಿ ಅವರದೇ ಆ್ಯಕ್ಮಿ ಮಾಡ್ಯೂಲ್ ಬಂದಿದೆ, ಆದರೆ ನಿಮ್ಮ ಡಿಸ್ಟ್ರೊದಲ್ಲಿ (ಉಬುಂಟು, ಡೆಬಿಯನ್‌ನಂಥದ್ದು) ಅದು ಇದೆಯೇ ನೋಡಿಕೊಳ್ಳಿ.

ಕ್ಯಾಡಿ. ಮ್ಯಾಟ್ ಹೋಲ್ಟ್ 2015ರಲ್ಲಿ ತಂದದ್ದು, ಗೋ ಭಾಷೆಯಲ್ಲಿದೆ, ಒಂದೇ ಬೈನರಿ. ಡೊಮೇನ್ ಹೆಸರು, ಫೋಲ್ಡರ್, ಫೈಲ್ ಸರ್ವರ್ ಎಂಬ ಪದ, ಮೂರು ಸಾಲಿನ ಕಾನ್ಫಿಗ್ ಆಯಿತು. ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸರ್ಟಿಫಿಕೇಟ್ ತಾನೇ ತರುತ್ತದೆ, ತಾನೇ ನವೀಕರಿಸುತ್ತದೆ. ಕ್ಯಾಡಿ ಆರಿಸಲು ಇದೊಂದೇ ಕಾರಣ ಸಾಕು. 90 ದಿನಕ್ಕೆ ಮುಗಿಯುವ ಸರ್ಟಿಫಿಕೇಟ್ ನವೀಕರಣ ನಿಂತದ್ದು ಯಾರಿಗೂ ಗೊತ್ತಾಗದೆ ಸೈಟು ಕೆಂಪು ಎಚ್ಚರಿಕೆ ತೋರಿಸುವುದು ಸಂಘ ಸಂಸ್ಥೆಗಳ ಸೈಟುಗಳಲ್ಲಿ ತೀರಾ ಸಾಮಾನ್ಯ. ಮೊದಲೇ ಮಾಡಿಟ್ಟ ಬ್ರಾಟ್ಲಿ, ಝಡ್‌ಸ್ಟ್ಯಾಂಡರ್ಡ್, ಜಿಜಿಪ್ ಪ್ರತಿಗಳನ್ನೂ ಒಂದು ಸಾಲಿನಲ್ಲಿ ಕೊಡಬಲ್ಲದು. ವೆಬ್ಬಿನ ಹೊಸ ಸಾಗಾಟ ಕ್ರಮ ಎಚ್‌ಟಿಟಿಪಿ/3 ಕೂಡ 2022ರ 2.6ರಿಂದ ತಾನಾಗಿಯೇ ಆನ್.

ಮೆಮೊರಿ ಮಾತ್ರ ಎಂಜಿನ್‌ಎಕ್ಸ್‌ಗಿಂತ ಜಾಸ್ತಿ ತಿನ್ನುತ್ತದೆ, ಗೋ ಪ್ರೋಗ್ರಾಮುಗಳ ಹಣೆಬರಹ ಅದು. 512 ಎಂಬಿ ಮಶೀನಿನಲ್ಲಿ ತೊಂದರೆ ಇಲ್ಲ. ಮನೆಯಿಂದ ನಡೆಸುವವರಿಗೆ ಇನ್ನೊಂದು ಮಾತು: ಸರ್ಟಿಫಿಕೇಟ್ ಪಡೆಯಲು ಹೊರಗಿನಿಂದ 80 ಅಥವಾ 443ನೇ ಪೋರ್ಟ್ ಮುಟ್ಟಬೇಕು. ಮನೆಯ ಬ್ರಾಡ್‌ಬ್ಯಾಂಡ್ ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಹೊರವಿಳಾಸ) ಹಿಂದೆ ಇದ್ದರೆ ಅದು ಆಗದ ಮಾತು. ಡೊಮೇನ್ ಹೆಸರಿನ ದಾಖಲೆಯ, ಅಂದರೆ ಡಿಎನ್‌ಎಸ್ ದಾರಿಯಲ್ಲಿ ಪಡೆಯಬಹುದು, ಆದರೆ ನಿಮ್ಮ ಡಿಎನ್‌ಎಸ್ ಕಂಪನಿಯ ಪ್ಲಗಿನ್ ಸೇರಿಸಿ ಕ್ಯಾಡಿಯನ್ನು ಬೇರೆಯಾಗಿ ಬಿಲ್ಡ್ ಮಾಡಬೇಕಾಗುತ್ತದೆ. ಆಗ ಆ ಮೂರು ಸಾಲಿನ ಸುಖ ಅರ್ಧ ಹೋದ ಹಾಗೆ.

ಲೈಟಿ, ಪೂರ್ತಿ ಹೆಸರು ಲೈಟ್‌ಟಿಪಿಡಿ. ಯಾನ್ ಕ್ನೆಶ್ಕೆ 2003ರಲ್ಲಿ ಬರೆದದ್ದು. ಹಳೆಯದು, ಸತ್ತಿದೆ ಅಂತ ಕೆಲವರು ಅಂದುಕೊಂಡಿದ್ದಾರೆ, ಸತ್ತಿಲ್ಲ. 2020ರಲ್ಲಿ ಎಚ್‌ಟಿಟಿಪಿ/2 ಬಂತು. ಮೆಮೊರಿ ಕೆಲವೇ ಎಂಬಿ. ನನಗೆ ಇದರಲ್ಲಿ ಇಷ್ಟವಾಗುವುದು ಒಂದು ಬಾರಿ ಕುಗ್ಗಿಸಿದ ಫೈಲನ್ನು ಡಿಸ್ಕಿನಲ್ಲಿ ಇಟ್ಟುಕೊಂಡು ಮುಂದಿನ ಬಾರಿ ಅದನ್ನೇ ಕೊಡುವ ಸೌಲಭ್ಯ. ಬಿಲ್ಡ್ ಸ್ಕ್ರಿಪ್ಟ್ ಮುಟ್ಟದೆ ಮೊದಲೇ ಕುಗ್ಗಿಸಿದ ಲಾಭ ಸಿಗುತ್ತದೆ. ಇಟ್ಯಾಗ್‌ಗೆ ಐನೋಡ್ ಸಂಖ್ಯೆಯನ್ನೂ (ಡಿಸ್ಕಿನಲ್ಲಿ ಫೈಲಿಗಿರುವ ನಂಬರು) ಸೇರಿಸುವುದು ಇದರ ರೂಢಿ. ಎರಡು ಮಶೀನುಗಳಲ್ಲಿ ಒಂದೇ ಸೈಟು ಇಟ್ಟರೆ ಒಂದೇ ಫೈಲಿಗೆ ಎರಡು ಇಟ್ಯಾಗ್ ಬರುತ್ತದೆ, ಆಗ ಐನೋಡ್ ಸೇರಿಸುವುದನ್ನು ಆಫ್ ಮಾಡಿ.

ಡಾರ್ಕ್‌ಎಚ್‌ಟಿಟಿಪಿಡಿ, ಬ್ಯುಸಿಬಾಕ್ಸ್‌ನ ಎಚ್‌ಟಿಟಿಪಿಡಿ, ಟಿಎಚ್‌ಟಿಟಿಪಿಡಿ ಇವೆಲ್ಲ ಪುಟಾಣಿಗಳು. ಡಾರ್ಕ್‌ಎಚ್‌ಟಿಟಿಪಿಡಿ ಅಂತೂ ಒಂದೇ ಸಿ ಫೈಲು, ಕಾನ್ಫಿಗ್ ಫೈಲೇ ಇಲ್ಲ. ಕಂಟೇನರ್‌ನ ಒಳಗೆ, ರೂಟರ್‌ನಲ್ಲಿ, ಮುಂದೆ ರಿಕ್ವೆಸ್ಟ್ ಪಡೆದು ದಾಟಿಸುವ ಬೇರೆ ಪ್ರಾಕ್ಸಿ ಇರುವ ಕಡೆ ಚೆನ್ನ. ಟಿಎಲ್‌ಎಸ್ ಅನ್ನು ಇವುಗಳಿಂದ ನಿರೀಕ್ಷಿಸಬೇಡಿ, ನೇರವಾಗಿ ಇಂಟರ್‌ನೆಟ್ಟಿಗೆ ಒಡ್ಡಬೇಡಿ. ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿಕೊಳ್ಳಲು ಮಾತ್ರ. ಅದರ ದಾಖಲೆಯೇ ಪ್ರೊಡಕ್ಷನ್‌ಗೆ ಬೇಡ ಎನ್ನುತ್ತದೆ.

ಅಪಾಚೆ ಎಂಬ ಹಳೆಯ ಸರ್ವರ್ ಈಗಾಗಲೇ ಇದ್ದರೆ ಕಿತ್ತು ಹಾಕುವ ಅಗತ್ಯ ಇಲ್ಲ. ಈವೆಂಟ್ ಎಂಪಿಎಂ ಎಂಬ ಹೊಸ ರೀತಿಯಲ್ಲಿ ಓಡುತ್ತಿದೆಯಾ ನೋಡಿ. ಫೋಲ್ಡರಿಗೊಂದು ಸೆಟ್ಟಿಂಗ್ ಇಡುವ ಎಚ್‌ಟಿಆ್ಯಕ್ಸೆಸ್ ಫೈಲ್ ಬಿಟ್ಟುಬಿಡಿ, ಅಲೋ ಓವರ್‌ರೈಡ್ ನನ್ ಮಾಡಿ. ಇಲ್ಲದಿದ್ದರೆ ಪ್ರತಿ ರಿಕ್ವೆಸ್ಟಿಗೂ ದಾರಿಯಲ್ಲಿರುವ ಪ್ರತಿ ಫೋಲ್ಡರಿನಲ್ಲಿ ಆ ಫೈಲನ್ನು ಹುಡುಕುತ್ತಾ ಹೋಗುತ್ತದೆ.

ಹಾಗಾದರೆ ಯಾವುದು

ಸೈಟು ನೋಡಿಕೊಳ್ಳುವವರು ನೀವೊಬ್ಬರೇ, ಅದೂ ಬಿಡುವಿದ್ದಾಗ ಮಾತ್ರ ಅಂದರೆ ಕ್ಯಾಡಿ ಹಾಕಿ. ಎರಡನೇ ಯೋಚನೆ ಬೇಡ. ಅದೇ ಮಶೀನಿನಲ್ಲಿ ಮುಂದೆ ಬೇರೆ ಆ್ಯಪ್‌ಗಳೂ ಬರಲಿವೆ, ಲಿನಕ್ಸ್ ನೋಡಿಕೊಳ್ಳುವವರು ಇದ್ದಾರೆ, ಕೆಲಸ ಬಿಟ್ಟರೆ ಇನ್ನೊಬ್ಬರು ಬಂದು ಮುಂದುವರಿಸಬೇಕು ಅಂದರೆ ಎಂಜಿನ್‌ಎಕ್ಸ್. ಈಗ ಎಂಜಿನ್‌ಎಕ್ಸ್ ಇದೆ, ಸರ್ಟ್‌ಬಾಟ್ ಸರಿಯಾಗಿ ನಡೆಯುತ್ತಿದೆ ಅಂದರೆ ಬದಲಿಸಬೇಡಿ, ಜಿಜಿಪ್ ಟೈಪ್ಸ್ ಸಾಲಿನ ಹ್ಯಾಶ್ ಅಳಿಸಿ ಸಾಕು. ಲೈಟಿಯನ್ನು ನಾನು ಆರಿಸುವುದು ತೀರಾ ಕಡಿಮೆ ಮೆಮೊರಿಯ ಪೆಟ್ಟಿಗೆಗಳಿಗೆ.

ಶಾಲೆಯ ಲ್ಯಾಬಿನಲ್ಲಿ ಇಂಟರ್‌ನೆಟ್ ಇಲ್ಲದೆ ರಾಸ್‌ಬೆರಿ ಪೈ ಮೇಲೆ ಪಾಠದ ಫೈಲು ಹಂಚುವುದಾದರೆ ಲೈಟಿ, ಎಂಜಿನ್‌ಎಕ್ಸ್ ಎರಡೂ ಸರಿ. ಕ್ಯಾಡಿ ಹಾಕುವುದಾದರೆ ವಿಳಾಸದ ಮುಂದೆ ಎಚ್‌ಟಿಟಿಪಿ ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಅದು ತನ್ನದೇ ಒಳಗಿನ ಸರ್ಟಿಫಿಕೇಟ್ ಮಾಡಿಕೊಂಡು, ಪ್ರತಿ ಕಂಪ್ಯೂಟರಿನಲ್ಲೂ ಎಚ್ಚರಿಕೆ ಬರುತ್ತದೆ. ಪೈ ಮೇಲೆ, ಪ್ರತಿ ರಿಕ್ವೆಸ್ಟನ್ನು ಬರೆದಿಡುವ ಆ್ಯಕ್ಸೆಸ್ ಲಾಗ್ ಆಫ್ ಮಾಡಿ, ಅಥವಾ ಬಫರ್ ಕೊಟ್ಟು ಒಟ್ಟಿಗೆ ಬರೆಯುವಂತೆ ಮಾಡಿ. ಸಾಲು ಸಾಲಾಗಿ ಬರೆದರೆ ಎಸ್‌ಡಿ ಕಾರ್ಡ್ ಬೇಗ ಸವೆಯುತ್ತದೆ.

ಬದಲಿಸಿದ ಮೇಲೆ ಲಾಭವಾಯಿತಾ ಅಂತ ನೋಡಲು ಬೆಂಚ್‌ಮಾರ್ಕ್ ಬೇಡ. ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪುಟ ತೆರೆಯಿರಿ. ಪ್ರತಿ ಫೈಲಿಗೂ ಎರಡು ಗಾತ್ರ ಸಿಗುತ್ತವೆ: ತಂತಿಯಲ್ಲಿ ಬಂದದ್ದು, ಬಿಚ್ಚಿದ ಮೇಲಿನದ್ದು. ಸಿಎಸ್‌ಎಸ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಕಂಪ್ರೆಶನ್ ಆಗುತ್ತಿಲ್ಲ. ಮತ್ತೊಮ್ಮೆ ತೆರೆದಾಗ ಫಾಂಟು ಕ್ಯಾಶ್‌ನಿಂದ ಬರದಿದ್ದರೆ ಹೆಡರ್ ತಪ್ಪಿದೆ.

ಇನ್ನು, ಸರ್ವರ್ರೇ ಬೇಡ ಎಂಬ ಆಯ್ಕೆಯೂ ಇದೆ. ಸ್ಟ್ಯಾಟಿಕ್ ಸೈಟನ್ನು ಉಚಿತವಾಗಿ ಇಡಲು ಬಿಡುವ ಗಿಟ್‌ಹಬ್ ಪೇಜಸ್‌ನಲ್ಲಿ ಸೈಟು 1 ಜಿಬಿ ಒಳಗಿರಬೇಕು, ತಿಂಗಳಿಗೆ 100 ಜಿಬಿ ಸಾಗಾಟದ ಮೆದು ಮಿತಿ ಇದೆ. ಬ್ಲಾಗಿಗೆ ಧಾರಾಳವಾಯಿತು. ಆದರೆ ಕ್ಯಾಶ್ ಹೆಡರ್ ನಿಮ್ಮ ಕೈಯಲ್ಲಿಲ್ಲ, ಎಲ್ಲಕ್ಕೂ ಹತ್ತು ನಿಮಿಷ. ಹಳೆಯ ಪತ್ರಿಕೆಯ ಪಿಡಿಎಫ್‌ಗಳು ಸಾವಿರಗಟ್ಟಲೆ ಇದ್ದರೆ 1 ಜಿಬಿ ಬೇಗ ತುಂಬುತ್ತದೆ. ಅಂಥವರು ಬರಹದ ಪುಟಗಳನ್ನು ಅಲ್ಲಿಟ್ಟು, ಪಿಡಿಎಫ್‌ಗಳಿಗೆ ಮಾತ್ರ ಒಂದು ಸಣ್ಣ ಮಶೀನು ಬಾಡಿಗೆಗೆ ತೆಗೆದುಕೊಳ್ಳಬಹುದು.